ಹಳೇ ಸ್ಯಾಂಪ್ಲರ್‌ಗೆ ನಕಲು ಮಾಡಿದ ಮೆಮೊರಿ ಬೋರ್ಡ್ ಕೈಕೊಟ್ಟರೆ ಎಲ್ಲಿ ನೋಡಬೇಕು

ಅಕಾಯ್ ಎಸ್950 ಬಂದಿದ್ದು 1988ರಲ್ಲಿ. 12 ಬಿಟ್ ಸ್ಯಾಂಪ್ಲರ್, ಅಂದರೆ ಶಬ್ದ ರೆಕಾರ್ಡ್ ಮಾಡಿಕೊಂಡು ಕೀ ಒತ್ತಿದಾಗ ನುಡಿಸುವ ಯಂತ್ರ. ಅದರೊಳಗಿನ ಮೆಮೊರಿ 750 ಕಿಲೋಬೈಟ್, ಎರಡು ಬೋರ್ಡ್ ಸಿಕ್ಕಿಸಿದರೆ 2.25 ಮೆಗಾಬೈಟ್. ಅದೇ ಕಂಪನಿಯ ಅದೇ ವರ್ಷದ ಎಂಪಿಸಿ60, ರಾಜರ್ ಲಿನ್ ವಿನ್ಯಾಸ ಮಾಡಿದ್ದು, 13.1 ಸೆಕೆಂಡ್ ಶಬ್ದ ಹಿಡಿಯುತ್ತಿತ್ತು. ಎಕ್ಸ್‌ಪಾನ್ಷನ್ ಹಾಕಿದರೆ 26.2 ಸೆಕೆಂಡ್. ಯಂತ್ರಗಳು ಇವತ್ತಿಗೂ ಓಡುತ್ತಿವೆ. ಕಂಪನಿಯ ಮೆಮೊರಿ ಬೋರ್ಡುಗಳನ್ನು ಮಾಡುವುದು ನಿಂತು ಎಷ್ಟೋ ಕಾಲ ಆಯ್ತು. ಹಾಗಾಗಿ ಜನ ಏನು ಮಾಡುತ್ತಾರೆ? ಎಲ್ಲಿಂದಲೋ ಒಂದು ಒರಿಜಿನಲ್ ಬೋರ್ಡ್ ತರುತ್ತಾರೆ, ಮಲ್ಟಿಮೀಟರ್ ಹಿಡಿದು ಒಂದೊಂದೇ ಟ್ರ್ಯಾಕ್ ಹಿಂಬಾಲಿಸಿ ಸರ್ಕ್ಯೂಟ್ ಬಿಡಿಸುತ್ತಾರೆ, ಅದರ ಮೇಲೆ ಹೊಸ ಬೋರ್ಡ್ ಮಾಡಿಸುತ್ತಾರೆ. ತಂತಿಗೆ ತಂತಿ ಸರಿಯಿರುತ್ತದೆ. ಯಂತ್ರಕ್ಕೆ ಹಾಕಿದರೆ ಮಾತ್ರ ಕೈಕೊಡುತ್ತದೆ.

ಆ ಹಂತದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಈ ಬರಹ. ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇಂಥ ನಕಲುಗಳಲ್ಲಿ ಕನೆಕ್ಷನ್ ತಪ್ಪಿರುವುದು ಕಡಿಮೆ, ಟೈಮಿಂಗ್ ತಪ್ಪಿರುವುದು ಜಾಸ್ತಿ. ಯಾವ ಸಿಗ್ನಲ್ ಎಲ್ಲಿಗೆ ಹೋಗುತ್ತದೆ ಅಂತ ಮೀಟರ್ ಹೇಳುತ್ತದೆ, ಯಾವಾಗ ಹೋಗುತ್ತದೆ ಅಂತ ಹೇಳುವುದಿಲ್ಲ. ಆದ್ದರಿಂದ ದೋಷ ಹುಡುಕುವಾಗ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಶಬ್ದ ಯಾವಾಗ ಕೆಡುತ್ತದೆ? ಮೆಮೊರಿಯ ಯಾವ ಜಾಗದಲ್ಲಿ ಕೆಡುತ್ತದೆ?

ಲೆಕ್ಕ ಒಂದು ತಲೆಯಲ್ಲಿರಲಿ. 750 ಕಿಲೋಬೈಟ್ ಅಂದರೆ ನಿಜವಾಗಿ 512 ಕೆ ವರ್ಡ್ (ಕೆ ಅಂದರೆ 1024, ಒಂದು ಸ್ಯಾಂಪಲ್ ಬೆಲೆಗೆ ಒಂದು ವರ್ಡ್), ಒಂದೊಂದೂ 12 ಬಿಟ್. ಕಂಪ್ಯೂಟರ್ ಲೆಕ್ಕದಲ್ಲಿ 768 ಕಿಲೋಬೈಟ್. ಇದನ್ನು ಕಟ್ಟಲು 41256 ಡಿರ್‍ಯಾಮ್ ಚಿಪ್ (ಚಾರ್ಜ್ ಆಗಾಗ ತುಂಬಿಸುತ್ತಿರಬೇಕಾದ ಜಾತಿಯ ಮೆಮೊರಿ) ಆದರೆ 24 ಬೇಕು, ಯಾಕಂದರೆ ಒಂದೊಂದರಲ್ಲೂ 256 ಕೆ ಜಾಗ, ಪ್ರತಿ ಜಾಗಕ್ಕೆ ಒಂದೇ ಬಿಟ್. 44256 ಆದರೆ ಪ್ರತಿ ಜಾಗಕ್ಕೆ ನಾಲ್ಕು ಬಿಟ್, ಆರು ಚಿಪ್ ಸಾಕು. ನಕಲು ಮಾಡುವವರು 24ರ ಬದಲು ಆರರ ಕಡೆ ಹೋಗುವುದು ಸಹಜ. ಜಾಗ ಉಳಿಯುತ್ತದೆ, ಬೆಸುಗೆ ಕೆಲಸ ಕಡಿಮೆ, ಕರೆಂಟೂ ಕಡಿಮೆ. ಆದರೆ ಅರ್ಧಕ್ಕರ್ಧ ತೊಂದರೆ ಹುಟ್ಟುವುದೂ ಈ ಬದಲಾವಣೆಯಿಂದಲೇ. ಅದಕ್ಕೆ ಆಮೇಲೆ ಬರೋಣ.

ಮೊದಲು ಪವರ್

ಬೋರ್ಡ್ ತೆಗೆದಿಟ್ಟು ಯಂತ್ರವನ್ನು ಅದರ ಸ್ವಂತ ಮೆಮೊರಿಯ ಮೇಲೆ ಓಡಿಸಿ ನೋಡಿ. ಅದರಲ್ಲೇ ಕರಕರ ಇದ್ದರೆ ನಿಮ್ಮ ಬೋರ್ಡಿನ ಮೇಲೆ ಸುಮ್ನೆ ಅನುಮಾನ ಪಡಬೇಡಿ. ಸರಿಯಿದ್ದರೆ ಮುಂದಕ್ಕೆ.

41256 ಚಿಪ್‌ನಲ್ಲಿ +5 ವೋಲ್ಟ್ ಬರುವುದು 8ನೇ ಪಿನ್‌ಗೆ, ಗ್ರೌಂಡ್ 16ಕ್ಕೆ. ಪಕ್ಕದಲ್ಲೇ ಕೂತಿರುವ 16 ಪಿನ್ನಿನ 74 ಸರಣಿಯ ಲಾಜಿಕ್ ಚಿಪ್‌ಗಳಲ್ಲಿ ಇದು ಉಲ್ಟಾ: 8 ಗ್ರೌಂಡ್, 16 ಪವರ್. ಕೈ ಅಭ್ಯಾಸದ ಮೇಲೆ ಸ್ಕೀಮ್ಯಾಟಿಕ್ ಬರೆದವರು ಇಲ್ಲಿ ಎಡವುತ್ತಾರೆ, ಚಿಪ್ ಬಿಸಿಯಾಗಿ ಸಾಯುತ್ತದೆ. 44256ರಲ್ಲಿ 20 ಪಿನ್, ಪವರ್ 10ಕ್ಕೆ, ಗ್ರೌಂಡ್ 20ಕ್ಕೆ. ಅಂದರೆ ಅಲ್ಲೂ ಉಲ್ಟಾನೇ.

ವೋಲ್ಟೇಜನ್ನು ಕನೆಕ್ಟರ್ ಹತ್ತಿರ ಅಳೆಯಬೇಡಿ. ಕನೆಕ್ಟರ್‌ನಿಂದ ಅತಿ ದೂರದ ಚಿಪ್ ಹುಡುಕಿ, ಅದರ ಪಿನ್ ಮೇಲೇ ಅಳೆಯಿರಿ. 74ಎಲ್‌ಎಸ್ ಚಿಪ್‌ಗಳಿಗೆ 4.75ಕ್ಕಿಂತ ಕೆಳಗೆ ಹೋಗಬಾರದು. ಹಳೇ ಕನೆಕ್ಟರ್ ಪಿನ್ ಕಪ್ಪಾಗಿದ್ದರೆ ಅಲ್ಲೇ ಒಂದಷ್ಟು ವೋಲ್ಟೇಜ್ ಬಿದ್ದುಹೋಗುತ್ತದೆ. ಪ್ರತಿ ಡಿರ್‍ಯಾಮ್ ಪಕ್ಕದಲ್ಲೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲೇಬೇಕು, ಎರಡು ಚಿಪ್‌ಗೆ ಒಂದು ಸಾಕು ಅನ್ನುವ ಉಳಿತಾಯ ಬೇಡ. ಸಾಲು ತೆರೆಯುವ ಕ್ಷಣದಲ್ಲಿ ಡಿರ್‍ಯಾಮ್ ಒಮ್ಮೆಲೇ ಕರೆಂಟ್ ಎಳೆಯುತ್ತದೆ, ಅದು ಮಲ್ಟಿಮೀಟರ್‌ನಲ್ಲಿ ಕಾಣುವುದಿಲ್ಲ, ಸ್ಕೋಪ್‌ನಲ್ಲಿ (ಆಸಿಲೋಸ್ಕೋಪ್) ಕಾಣುತ್ತದೆ. ಒರಿಜಿನಲ್ ಬೋರ್ಡಿನಿಂದ ಹಳೇ ಟ್ಯಾಂಟಲಂ ಕಿತ್ತು ಮತ್ತೆ ಬಳಸಬೇಡಿ. ಅವು ಶಾರ್ಟ್ ಆಗುವ ಜಾತಿ.

ಯಂತ್ರ ಬೋರ್ಡನ್ನು ಗುರುತಿಸುವುದೇ ಇಲ್ಲ

ಸ್ಕ್ರೀನ್ ಮೇಲೆ ಹಳೇ ಮೆಮೊರಿ ಅಳತೆಯೇ ಕಾಣುತ್ತಿದೆ. ಯಂತ್ರ ಬೋರ್ಡನ್ನು ಗುರುತಿಸುವ ದಾರಿ ಸಾಮಾನ್ಯವಾಗಿ ಎರಡು. ಕನೆಕ್ಟರ್‌ನ ಯಾವುದೋ ಪಿನ್ ಬೋರ್ಡ್ ಮೇಲೆ ಗ್ರೌಂಡ್‌ಗೆ ಕಟ್ಟಿರುತ್ತದೆ, ಅದು ಕೆಳಗೆ ಹೋಗಿದ್ದರೆ ಬೋರ್ಡ್ ಇದೆ ಅಂತ ಅರ್ಥ. ಅಥವಾ ಆನ್ ಆದ ತಕ್ಷಣ ಸಾಫ್ಟ್‌ವೇರ್ ಆ ಜಾಗಕ್ಕೆ ಏನೋ ಬರೆದು ವಾಪಸ್ ಓದಿ ನೋಡುತ್ತದೆ.

ಮೊದಲನೆಯದನ್ನು ನಕಲು ಮಾಡುವಾಗ ಕಳೆದುಕೊಳ್ಳುವುದು ಸುಲಭ. ಕನೆಕ್ಟರ್‌ನಲ್ಲಿ ಏಳೆಂಟು ಗ್ರೌಂಡ್ ಪಿನ್ ಇರುತ್ತವೆ. ಅದರಲ್ಲಿ ಒಂದು ಬೋರ್ಡ್ ಕಡೆಯಿಂದ ನೋಡಿದರೆ ಗ್ರೌಂಡ್, ಯಂತ್ರದ ಕಡೆಯಿಂದ ನೋಡಿದರೆ ಅಲ್ಲ. ಬೋರ್ಡ್ ಮಾತ್ರ ಅಳೆದರೆ ವ್ಯತ್ಯಾಸ ತಿಳಿಯುವುದಿಲ್ಲ, ಲೇಔಟ್ ಚೊಕ್ಕ ಮಾಡುವ ಭರದಲ್ಲಿ ‘ಒಂದು ಗ್ರೌಂಡ್ ಬಿಟ್ಟರೆ ಏನಾಗುತ್ತೆ’ ಅಂತ ಅದನ್ನೇ ಬಿಟ್ಟಿರುತ್ತಾರೆ. ಬೋರ್ಡ್ ತೆಗೆದು, ಪವರ್ ಆಫ್ ಮಾಡಿ, ಯಂತ್ರದ ಸಾಕೆಟ್‌ನ ಒಂದೊಂದು ಪಿನ್ನನ್ನೂ ಚಾಸಿ ಗ್ರೌಂಡ್‌ಗೆ ಅಳೆಯಿರಿ. ಬೋರ್ಡ್ ಕಡೆ ಗ್ರೌಂಡ್ ಆಗಿದ್ದು ಯಂತ್ರದ ಕಡೆ ಕೆಲವು ಕಿಲೋ ಓಮ್ ತೋರಿಸುವ ಪಿನ್ ಸಿಕ್ಕರೆ ಅದೇ.

ಎರಡನೆಯ ವಿಧದಲ್ಲಿ ಒಂದು ವಿಚಿತ್ರ ಲಕ್ಷಣ ಇದೆ. ಬೋರ್ಡ್ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಡೇಟಾ ಬಸ್‌ಗೆ ಯಾರೂ ಉತ್ತರ ಕೊಡದಿದ್ದರೂ ಕೊನೆಯದಾಗಿ ಬರೆದ ಬೆಲೆ ಟ್ರ್ಯಾಕ್‌ಗಳ ಕೆಪಾಸಿಟೆನ್ಸ್‌ನಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತದೆ, ಸಾಫ್ಟ್‌ವೇರ್ ಅದನ್ನೇ ಓದಿ ‘ಮೆಮೊರಿ ಇದೆ’ ಅಂದುಕೊಳ್ಳುತ್ತದೆ. ಅಂದರೆ ‘ಕಾಣುತ್ತಿದೆ’ ಅನ್ನುವುದು ಮೆಮೊರಿ ಕೆಲಸ ಮಾಡುತ್ತಿದೆ ಅನ್ನಲು ಸಾಕ್ಷಿಯಲ್ಲ. ಆ ಬ್ಯಾಂಕಿಗೆ (ಒಟ್ಟಿಗೆ ಕೆಲಸ ಮಾಡುವ ಚಿಪ್ ಗುಂಪಿಗೆ) ಹೋಗುವ ಕ್ಯಾಸ್ ಸಿಗ್ನಲ್ ನಿಜಕ್ಕೂ ಕುಣಿಯುತ್ತಿದೆಯಾ ಅಂತ ಸ್ಕೋಪ್‌ನಲ್ಲಿ ನೋಡಿ.

(ಹೊಸಬರಿಗೆ ಒಂದು ಮಾತು. ಡಿರ್‍ಯಾಮ್‌ಗೆ ಅಡ್ರೆಸ್ ಎರಡು ಕಂತಿನಲ್ಲಿ ಹೋಗುತ್ತದೆ. ಎ0ಯಿಂದ ಎ8ವರೆಗಿನ ಒಂಬತ್ತು ಪಿನ್ ಮೇಲೆ ಮೊದಲು ಸಾಲಿನ ಅಡ್ರೆಸ್, ರಾಸ್ ಅನ್ನುವ ಸಿಗ್ನಲ್ ಕೆಳಗಿಳಿದಾಗ ಚಿಪ್ ಅದನ್ನು ಹಿಡಿಯುತ್ತದೆ. ಅದೇ ಪಿನ್‌ಗಳ ಮೇಲೆ ಆಮೇಲೆ ಕಾಲಂ ಅಡ್ರೆಸ್, ಕ್ಯಾಸ್ ಇಳಿದಾಗ ಹಿಡಿಯುತ್ತದೆ.)

ಕಾಣುತ್ತದೆ, ಆದರೆ ಶಬ್ದ ಮೊದಲಿನಿಂದಲೇ ಕೆಟ್ಟಿದೆ

ಪರೀಕ್ಷೆಗೆ ಡ್ರಮ್ ಲೂಪ್ ಹಾಕಬೇಡಿ. ಅದರಲ್ಲಿ ಏನೂ ತಿಳಿಯುವುದಿಲ್ಲ. ಮೌನವನ್ನು ರೆಕಾರ್ಡ್ ಮಾಡಿ.

ತಮಾಷೆ ಅಲ್ಲ. ಶಬ್ದ ಸೊನ್ನೆಯ ಹತ್ತಿರ ಅಲುಗಾಡುವಾಗ ಬೆಲೆ 0 ಮತ್ತು −1ರ ಮಧ್ಯೆ ಓಡಾಡುತ್ತದೆ. ಟೂಸ್ ಕಾಂಪ್ಲಿಮೆಂಟ್ ಅನ್ನುವ, ಸಂಖ್ಯೆ ಬರೆಯುವ ಪದ್ಧತಿಯಲ್ಲಿ 0 ಅಂದರೆ ಹನ್ನೆರಡೂ ಬಿಟ್ ಸೊನ್ನೆ, −1 ಅಂದರೆ ಹನ್ನೆರಡೂ ಒಂದು. ಯಂತ್ರ ಆಫ್‌ಸೆಟ್ ಬೈನರಿ (ಸೊನ್ನೆಯನ್ನು ಮಧ್ಯದ 2048ಕ್ಕೆ ಇಡುವ ಪದ್ಧತಿ) ಬಳಸುತ್ತಿದ್ದರೆ 2047 ಮತ್ತು 2048ರ ಮಧ್ಯೆ ಓಡಾಟ, ಅಲ್ಲೂ ಹನ್ನೆರಡೂ ಬಿಟ್ ಒಟ್ಟಿಗೆ ತಿರುಗುತ್ತವೆ. ಹಾಗಾಗಿ ಒಂದು ಬಿಟ್ ಅಂಟಿಕೊಂಡಿದ್ದರೂ ಮೌನದಲ್ಲಿ ಚಟಚಟ ಅಂತ ಎದ್ದು ಕೇಳುತ್ತದೆ. ಮೇಲಿನ ಬಿಟ್ ಅಂಟಿದ್ದರೆ ಕಿವಿ ಕಿತ್ತುಹೋಗುವಷ್ಟು ಜೋರು, ಪೂರ್ತಿ ಅಳತೆಯ ಅರ್ಧದಷ್ಟು ನೆಗೆತ. ಕೆಳಗಿನ ಬಿಟ್ ಆದರೆ 4096ರಲ್ಲಿ ಒಂದು ಪಾಲು, ಯಂತ್ರದ ಸ್ವಂತ ಹಿಸ್‌ನಲ್ಲಿ ಮುಳುಗಿಹೋಗುತ್ತದೆ. ಇನ್‌ಪುಟ್‌ನಲ್ಲಿ ಡಿಸಿ ಆಫ್‌ಸೆಟ್ ಇದ್ದರೆ ಸೊನ್ನೆ ದಾಟುವುದೇ ಇಲ್ಲ, ಆಗ ತೀರಾ ಸಣ್ಣ ಸೈನ್ ಟೋನ್ ಸೇರಿಸಿ. ಎಂಪಿಸಿ60 ಥರದ ನಾನ್‌ಲೀನಿಯರ್ 12 ಬಿಟ್ ಯಂತ್ರದಲ್ಲಿ ಈ ಲೆಕ್ಕ ಇದ್ದ ಹಾಗೆ ಕೂರುವುದಿಲ್ಲ, ಅಲ್ಲಿ ಅಂಟಿದ ಬಿಟ್ ಶಬ್ದದ ಮಟ್ಟದ ಮೇಲೆ ಬೇರೆ ಬೇರೆ ಥರ ಕೇಳಿಸುತ್ತದೆ.

ಇದಕ್ಕೂ ಮುಂಚೆ ಯಂತ್ರದ ಸ್ವಂತ ಮೆಮೊರಿಯನ್ನು ಒಂದು ದೊಡ್ಡ ಸ್ಯಾಂಪಲ್‌ನಿಂದ ತುಂಬಿಬಿಡಿ. ಮುಂದಿನ ಸ್ಯಾಂಪಲ್‌ಗೆ ಎಕ್ಸ್‌ಪಾನ್ಷನ್ ಬಿಟ್ಟು ಬೇರೆ ಜಾಗ ಇರುವುದಿಲ್ಲ. ಇಲ್ಲದಿದ್ದರೆ ನೀವು ಪರೀಕ್ಷೆ ಮಾಡುತ್ತಿರುವುದು ಯಾವ ಮೆಮೊರಿ ಅನ್ನುವುದೇ ಗೊತ್ತಿರುವುದಿಲ್ಲ.

ಕಿವಿಯಿಂದ ಆಗದಿದ್ದರೆ ಡಂಪ್ ಮಾಡಿ, ಅಂದರೆ ಸ್ಯಾಂಪಲ್ಲನ್ನು ಕಂಪ್ಯೂಟರಿಗೆ ಕಳಿಸಿ. ಮಿಡಿ (ವಾದ್ಯಗಳು ಕೇಬಲ್ ಮೇಲೆ ಮಾತಾಡುವ ಭಾಷೆ) ಸ್ಯಾಂಪಲ್ ಡಂಪ್ ಅಥವಾ ಅದರಲ್ಲೇ ಯಂತ್ರದ್ದೇ ಆದ ಸಿಸೆಕ್ಸ್ ಫಾರ್ಮ್ಯಾಟ್, ಯಾವುದಿದ್ದರೆ ಅದು. ಮಿಡಿ ವೇಗ ಸೆಕೆಂಡಿಗೆ 3125 ಬೈಟ್, 12 ಬಿಟ್ ವರ್ಡ್‌ಗೆ ಎರಡು ಬೈಟ್ ಬೇಕು. 512 ಕೆ ವರ್ಡ್ ಬರಲು ಆರು ನಿಮಿಷದ ಹತ್ತಿರ, ನಡುವೆ ಯಂತ್ರ ಯೋಚನೆ ಮಾಡುತ್ತಾ ನಿಂತರೆ ಇನ್ನೂ ಜಾಸ್ತಿ. ಬೇಜಾರಾದರೂ ಪರವಾಗಿಲ್ಲ. ಗೊತ್ತಿರುವ ರ‍್ಯಾಂಪ್ ಕಳಿಸಿ, ವಾಪಸ್ ತರಿಸಿ, ಎರಡನ್ನೂ ಎಕ್ಸ್-ಆರ್ ಮಾಡಿ, ಬೇರೆಯಾದ ಬಿಟ್ ಮಾತ್ರ 1 ಆಗಿ ಕಾಣುತ್ತದೆ. ಒಂದೇ ಬಿಟ್‌ನಲ್ಲಿ ಎಲ್ಲ ಕಡೆ ವ್ಯತ್ಯಾಸ ಬಂದರೆ ಡೇಟಾ ಲೈನ್ ದೋಷ. ಅಕ್ಕಪಕ್ಕದ ನಾಲ್ಕು ಬಿಟ್ ಒಟ್ಟಿಗೆ ಕೆಟ್ಟರೆ ಒಂದು 44256 ಪೂರ್ತಿ ಹೋಗಿದೆ ಅಥವಾ ಅದರ ಕ್ಯಾಸ್ ತಲುಪುತ್ತಿಲ್ಲ. ಬೇರೆ ಜಾಗದ ಸರಿಯಾದ ಬೆಲೆಗಳೇ ಇಲ್ಲಿ ಮತ್ತೆ ಬಂದಿದ್ದರೆ ಅಡ್ರೆಸ್ ಲೈನ್ ಅಂಟಿದೆ. ಇದು ಕಿವಿಗೂ ಸಿಗುತ್ತದೆ, ಸ್ಯಾಂಪಲ್‌ನ ಒಂದು ತುಂಡು ಎರಡು ಸಲ ಕೇಳಿಸಿ ಇನ್ನೊಂದು ತುಂಡು ಮಾಯವಾಗಿರುತ್ತದೆ.

ಇಲ್ಲೊಂದು ಸಮಾಧಾನದ ವಿಷಯ. ಎ0 ಜಾಗದಲ್ಲಿ ಎ3 ಕಟ್ಟಿದ್ದೀರಾ? ಡೇಟಾ 5 ಮತ್ತು 7 ಅದಲುಬದಲಾಗಿದೆಯಾ? ರ್‍ಯಾಮ್‌ನಲ್ಲಿ ಅದು ದೋಷವೇ ಅಲ್ಲ. ಯಾವ ದಾರಿಯಲ್ಲಿ ಬರೆದರೋ ಅದೇ ದಾರಿಯಲ್ಲಿ ಓದುತ್ತೀರಿ, ಯಂತ್ರಕ್ಕೆ ಗೊತ್ತೂ ಆಗುವುದಿಲ್ಲ. ರೋಮ್ ಆಗಿದ್ದರೆ ಕಥೆ ಬೇರೆ. ಕೆಲವರು ಒರಿಜಿನಲ್‌ನ ಅಡ್ರೆಸ್ ಕ್ರಮ ಬಿಡಿಸುವುದರಲ್ಲೇ ದಿನಗಟ್ಟಲೆ ಕಳೆಯುತ್ತಾರೆ, ಅಗತ್ಯ ಇಲ್ಲ. ಒಂದೇ ಒಂದು ಪಿನ್ ಮಾತ್ರ ಇದಕ್ಕೆ ಹೊರತು. ಎ8. ಯಾಕೆ ಅಂತ ಮುಂದಿನ ಭಾಗದಲ್ಲಿ.

ಮೊದಲು ಚೆನ್ನಾಗಿರುತ್ತದೆ, ಆಮೇಲೆ ಕೊಳೆಯುತ್ತದೆ

ನನಗೆ ಅತಿ ಇಷ್ಟವಾದ ದೋಷ ಇದು. ಅತಿ ಜಾಸ್ತಿ ಸಿಗುವುದೂ ಇದೇ.

ಲಕ್ಷಣ ಹೀಗೆ. ಸ್ಯಾಂಪಲ್ ಹಾಕಿದಾಗ ಶುದ್ಧವಾಗಿದೆ. ನುಡಿಸುತ್ತಾ ಇದ್ದರೂ ಸರಿ. ಸ್ವಲ್ಪ ಹೊತ್ತು ಬಿಟ್ಟು ಬಂದು ಕೀ ಒತ್ತಿದರೆ ಒಳಗೆ ಗುರ್ ಅನ್ನುವ ಶಬ್ದ ಸೇರಿದೆ. ಯಂತ್ರ ಬಿಸಿಯಾದ ಮೇಲೆ ಬೇಗ ಕೆಡುತ್ತದೆ. ಜನ ಇದನ್ನು ಗ್ರೌಂಡ್ ಹಮ್ ಅಂದುಕೊಂಡು ಕೇಬಲ್ ಬದಲಾಯಿಸುತ್ತಾ ಕೂರುತ್ತಾರೆ. ಬೇರೆ ಕೀ ಒತ್ತಿ ನೋಡಿ. ಹಮ್ ಆಗಿದ್ದರೆ ಅದರ ಸ್ವರ ಬದಲಾಗುವುದಿಲ್ಲ. ಈ ಗುರ್ ಕೀ ಜೊತೆಗೇ ಮೇಲೆ ಕೆಳಗೆ ಹೋಗುತ್ತದೆ, ಯಾಕಂದರೆ ಅದು ಮೆಮೊರಿಯೊಳಗೇ ಇದೆ.

ಡಿರ್‍ಯಾಮ್ ತೂತು ಕೊಡ ಇದ್ದ ಹಾಗೆ, ಆಗಾಗ ತುಂಬಿಸುತ್ತಿರಬೇಕು. ಒಂದು ಸಾಲನ್ನು ರಾಸ್‌ನಿಂದ ತೆರೆದರೆ ಸಾಕು, ಆ ಸಾಲಿನ ಎಲ್ಲ ಕೋಶಗಳೂ ಮತ್ತೆ ತುಂಬಿಕೊಳ್ಳುತ್ತವೆ. ಇದೇ ರಿಫ್ರೆಶ್. 41256 ಚಿಪ್‌ಗೆ 4 ಮಿಲಿಸೆಕೆಂಡಿನಲ್ಲಿ 256 ಸಾಲು ತೆರೆದರೆ ಸಾಕು, ಎ8 ಪಿನ್ನನ್ನು ಅದು ರಿಫ್ರೆಶ್‌ಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 44256ಕ್ಕೆ 8 ಮಿಲಿಸೆಕೆಂಡಿನಲ್ಲಿ 512 ಸಾಲು, ಎ8 ಬೇಕೇ ಬೇಕು. ಎರಡರಲ್ಲೂ ಸಾಲಿಗೆ 15.6 ಮೈಕ್ರೋಸೆಕೆಂಡ್, ವೇಗ ಒಂದೇ. ಆದರೆ 41256 ನಂಬಿಕೊಂಡು ಮಾಡಿದ ಹಳೇ ಯಂತ್ರದ ರಿಫ್ರೆಶ್ ಕೌಂಟರ್ ಎಂಟೇ ಬಿಟ್ ಎಣಿಸಿ ವಾಪಸ್ ಸೊನ್ನೆಗೆ ಬರುತ್ತದೆ. ಅಲ್ಲಿಗೆ 44256 ಕೂರಿಸಿದರೆ ಅರ್ಧ ಸಾಲುಗಳಿಗೆ ರಿಫ್ರೆಶ್ ಸಿಗುವುದೇ ಇಲ್ಲ.

ಹಾಗಾದರೆ ತಕ್ಷಣ ಯಾಕೆ ಕೆಡುವುದಿಲ್ಲ? ಡೇಟಾಶೀಟ್ ಹೇಳುವ 8 ಮಿಲಿಸೆಕೆಂಡ್ ಅನ್ನುವುದು ಅತಿ ಕೆಟ್ಟ ಕೋಶ, ಅತಿ ಬಿಸಿ ವಾತಾವರಣದ ಲೆಕ್ಕ. ತಣ್ಣಗಿರುವಾಗ ಬಹಳಷ್ಟು ಕೋಶಗಳು ಸೆಕೆಂಡುಗಟ್ಟಲೆ ತಡೆಯುತ್ತವೆ. ಅದಕ್ಕೇ ದುರ್ಬಲ ಕೋಶ ಮೊದಲು ಬೀಳುತ್ತದೆ, ಒಂದೊಂದೇ ಟಿಕ್ ಟಿಕ್ ಶುರುವಾಗಿ ಆಮೇಲೆ ದಟ್ಟವಾಗುತ್ತದೆ. ಸ್ಯಾಂಪಲ್ ನುಡಿಸುವುದೂ ಒಂದು ಥರ ರಿಫ್ರೆಶ್ಶೇ. ಸಾಲಿನ ಅಡ್ರೆಸ್ ಕೆಳಗಿನ ಬಿಟ್‌ಗಳಿಂದ ಬರುತ್ತಿದ್ದರೆ 512 ಸ್ಯಾಂಪಲ್ ಓದುವಷ್ಟರಲ್ಲಿ ಆ ಬ್ಯಾಂಕಿನ ಎಲ್ಲ ಸಾಲೂ ಒಂದು ಸಲ ತೆರೆದಿರುತ್ತದೆ. ಯಾರಿಗಾದರೂ ತೋರಿಸುವಾಗ ಬಿಡದೆ ನುಡಿಸುತ್ತಿರುತ್ತೀರಿ, ಎಲ್ಲ ಸರಿಯಿರುತ್ತದೆ. ಸುಮ್ಮನೆ ಬಿಟ್ಟಾಗ ಕೊಳೆಯುತ್ತದೆ.

ಗುರ್ ಶಬ್ದದ ಸ್ವರವೇ ಎ8 ಎಲ್ಲಿ ಕಟ್ಟಿದೆ ಅಂತ ಹೇಳಿಬಿಡುತ್ತದೆ. ಸಾಲಿನ ಎ8ಕ್ಕೆ ಸ್ಯಾಂಪಲ್ ಅಡ್ರೆಸ್‌ನ 8ನೇ ಬಿಟ್ ಹೋಗುತ್ತಿದೆ ಅನ್ನಿ. ಆಗ 256 ಸ್ಯಾಂಪಲ್ ಸರಿ, ಮುಂದಿನ 256 ಕೆಟ್ಟದ್ದು, ಮತ್ತೆ 256 ಸರಿ. 40 ಕಿಲೋಹರ್ಟ್ಸ್‌ನಲ್ಲಿ ಈ ಜೋಡಿ ಸೆಕೆಂಡಿಗೆ 78 ಸಲ ಬರುತ್ತದೆ. ಅದೇ ನಿಮ್ಮ ಗುರ್. ಗುರ್ ಬದಲು ಸ್ಯಾಂಪಲ್‌ನ ಒಂದು ದೊಡ್ಡ ಭಾಗವೇ ಪೂರ್ತಿ ಹಾಳಾಗಿ ಉಳಿದದ್ದು ಶುದ್ಧವಾಗಿದ್ದರೆ ಸಾಲಿಗೆ ಮೇಲಿನ ಬಿಟ್ ಹೋಗುತ್ತಿದೆ. ಕೊಳೆತ ಜಾಗದಲ್ಲಿ ಮೌನ ಇರುತ್ತದೆ ಅಂತ ನಿರೀಕ್ಷಿಸಬೇಡಿ. ಚಾರ್ಜ್ ಹೋದ ಕೋಶ ಚಿಪ್‌ನ ಒಳಗಿನ ಜೋಡಣೆ ನೋಡಿಕೊಂಡು ಕೆಲವು ಕಡೆ 0, ಕೆಲವು ಕಡೆ 1 ಓದುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಸ್ಯಾಂಪಲ್ ಹಾಕಿ, ಏನೂ ನುಡಿಸದೆ ಐದು ನಿಮಿಷ ಬಿಡಿ, ಡಂಪ್ ಮಾಡಿ. ಆಮೇಲೆ ಹೇರ್ ಡ್ರೈಯರ್‌ನಿಂದ ಚಿಪ್‌ಗಳನ್ನು ಹದವಾಗಿ ಬಿಸಿ ಮಾಡಿ ಅದನ್ನೇ ಮತ್ತೆ ಮಾಡಿ. ಬಿಸಿಯಲ್ಲಿ ತಪ್ಪು ಜಾಸ್ತಿಯಾಗಿ, ತಪ್ಪೆಲ್ಲ ಒಂದೇ ಅಡ್ರೆಸ್ ಬಿಟ್‌ನ ಒಂದು ಪಕ್ಕದಲ್ಲೇ ಬಿದ್ದಿದ್ದರೆ ಮುಗೀತು, ಬೇರೆ ಏನೂ ಹುಡುಕಬೇಡಿ.

ಈಗ ಯಂತ್ರ ಯಾವ ಥರ ರಿಫ್ರೆಶ್ ಮಾಡುತ್ತಿದೆ ಅಂತ ನೋಡಬೇಕು. ಸ್ಕೋಪ್‌ನ ಎರಡು ಚಾನೆಲ್‌ಗೆ ರಾಸ್ ಮತ್ತು ಕ್ಯಾಸ್ ಹಾಕಿ. ಏನೂ ನುಡಿಯದಿರುವಾಗ ರಾಸ್ ಮಾತ್ರ ಕೆಳಗಿಳಿದು ಕ್ಯಾಸ್ ಮೇಲೇ ನಿಂತಿದ್ದರೆ ಅದು ರಾಸ್-ಮಾತ್ರ ರಿಫ್ರೆಶ್, ಮೇಲಿನ ರೋಗಕ್ಕೆ ಇದೇ ಮೂಲ. ಕ್ಯಾಸ್ ಮೊದಲು ಇಳಿದು ಆಮೇಲೆ ರಾಸ್ ಇಳಿಯುತ್ತಿದ್ದರೆ ಚಿಪ್ ತನ್ನೊಳಗಿನ ಕೌಂಟರನ್ನೇ ಬಳಸುತ್ತದೆ, ಹೊರಗಿನ ಎ8ಕ್ಕೂ ಅದಕ್ಕೂ ಸಂಬಂಧವಿಲ್ಲ. ಆಗ ನಿಮ್ಮ ತೊಂದರೆ ಬೇರೆಲ್ಲೋ ಇದೆ.

ಪರಿಹಾರ? ಅತಿ ಸುಲಭದ್ದು ಸೋಲೊಪ್ಪಿಕೊಂಡು 24 ಚಿಪ್‌ನ 41256 ಬೋರ್ಡ್ ಮಾಡುವುದು. ಆರರಲ್ಲೇ ನಿಲ್ಲಬೇಕು ಅಂದರೆ ಕಾಣೆಯಾದ ಒಂಬತ್ತನೇ ಬಿಟ್ ನೀವೇ ಕೊಡಬೇಕು. ಕನೆಕ್ಟರ್‌ನಲ್ಲಿ ರಿಫ್ರೆಶ್ ಸಿಗ್ನಲ್ ಬರುತ್ತಿದ್ದರೆ ಅದನ್ನು 74ಎಚ್‌ಸಿಟಿ4040 ಕೌಂಟರ್‌ಗೆ ಕೊಡಿ, 512ರಿಂದ ಭಾಗಿಸುವ ಔಟ್‌ಪುಟ್ ತೆಗೆದುಕೊಳ್ಳಿ, ರಿಫ್ರೆಶ್ ನಡೆಯುವಾಗ ಮಾತ್ರ ಅದು ಎ8ಕ್ಕೆ ಹೋಗುವ ಹಾಗೆ ಒಂದು ಮಲ್ಟಿಪ್ಲೆಕ್ಸರ್ ಹಾಕಿ. ಪ್ರತಿ 256 ರಿಫ್ರೆಶ್‌ಗೆ ಎ8 ಒಂದು ಸಲ ತಿರುಗುತ್ತದೆ. ಯಂತ್ರದ ಕೌಂಟರ್ ಸೊನ್ನೆಯಲ್ಲಿದ್ದಾಗಲೇ ತಿರುಗಬೇಕಾ? ಬೇಡ. ಮಧ್ಯದಲ್ಲಿ, ಅಂದರೆ 128ರಲ್ಲಿ ತಿರುಗಿದರೂ ಎರಡು ಸುತ್ತು ಮುಗಿಯುವಷ್ಟರಲ್ಲಿ 512 ಜೋಡಿಯೂ ಒಂದೊಂದು ಸಲ ಬಂದಿರುತ್ತದೆ, ಕಾಗದದ ಮೇಲೆ ಬರೆದು ನೋಡಿ. ಯಂತ್ರ 4 ಮಿಲಿಸೆಕೆಂಡಿಗೆ 256 ಕೊಡುತ್ತಿದ್ದರೆ ನಿಮಗೆ 8ಕ್ಕೆ 512 ಸಿಕ್ಕಿತು, ಚಿಪ್ ಕೇಳಿದ್ದೂ ಅಷ್ಟೇ.

ಬೀಪ್ ಅಂದಿತು, ಆದರೆ ತಂತಿ ಅಲ್ಲ

ಬಹಳಷ್ಟು ಮಲ್ಟಿಮೀಟರ್‌ಗಳ ಬಝರ್ 30–50 ಓಮ್ ಒಳಗಿದ್ದರೆ ಬೀಪ್ ಅನ್ನುತ್ತದೆ. ಹಳೇ ಮೆಮೊರಿ ಬೋರ್ಡುಗಳಲ್ಲಿ ಅಡ್ರೆಸ್, ರಾಸ್, ಕ್ಯಾಸ್ ಲೈನುಗಳ ಮೇಲೆ 22 ಅಥವಾ 33 ಓಮ್ ಸೀರೀಸ್ ರೆಸಿಸ್ಟರ್ ಇರುವುದು ಮಾಮೂಲು. ಬಝರ್ ಇಟ್ಟುಕೊಂಡು ಬಿಡಿಸಿದ ಸ್ಕೀಮ್ಯಾಟಿಕ್‌ನಲ್ಲಿ ಅವು ಬರೀ ಗೆರೆಗಳಾಗಿಬಿಡುತ್ತವೆ. ನೀವು ಓಮ್ ಮೋಡ್‌ನಲ್ಲೇ ಅಳೆಯಿರಿ, 1 ಓಮ್‌ಗಿಂತ ಜಾಸ್ತಿ ಬಂದರೆ ನಿಲ್ಲಿ.

ಆ ರೆಸಿಸ್ಟರ್ ಸುಮ್ನೆ ಇಟ್ಟದ್ದಲ್ಲ. ಒಂದು ಅಡ್ರೆಸ್ ಲೈನ್ ಇಪ್ಪತ್ತನಾಲ್ಕು ಚಿಪ್ ಸುತ್ತುತ್ತದೆ. ಅದಿಲ್ಲದಿದ್ದರೆ ಸಿಗ್ನಲ್ ಕೆಳಗಿಳಿಯುವಾಗ ಗ್ರೌಂಡ್‌ಗಿಂತಲೂ ಕೆಳಗೆ ಹೋಗಿ, ಪುಟಿದು, ಮೇಲೆ ಬರುತ್ತದೆ. ರಾಸ್ ಮೇಲೆ ಇಂಥ ಪುಟಿತ ಬಂದರೆ ಚಿಪ್ ಅದನ್ನು ಹೊಸ ಚಕ್ರ ಅಂದುಕೊಳ್ಳುತ್ತದೆ. ಮುಂದಿನ ಸಾಲು ತೆರೆಯುವ ಮುಂಚೆ ಬೇಕಾದ ಬಿಡುವು ಸಿಗದೆ ಆ ಸಾಲಿನ ವಿಷಯವೇ ಅಳಿಸಿಹೋಗಬಹುದು. ಲಕ್ಷಣ: ಅಲ್ಲಲ್ಲಿ ಕ್ಲಿಕ್, ಜಾಗ ಪ್ರತಿ ಸಲ ಬೇರೆ. ಸ್ಕೋಪ್ ಪ್ರೋಬ್ ಮುಟ್ಟಿಸಿದರೆ ದೋಷ ಮಾಯ! ಪ್ರೋಬ್‌ನ ಸಣ್ಣ ಕೆಪಾಸಿಟೆನ್ಸೇ ಪುಟಿತವನ್ನು ತಗ್ಗಿಸಿರುತ್ತದೆ. ಹೀಗಾದರೆ ಟ್ರ್ಯಾಕ್ ಕತ್ತರಿಸಿ 33 ಓಮ್ ಹಾಕಿ ನೋಡಿ.

ಚಿಪ್ ನಂಬರ್ ಒಂದೇ, ಮಧ್ಯದ ಅಕ್ಷರ ಬೇರೆ

ಒರಿಜಿನಲ್‌ನಲ್ಲಿ 74ಎಲ್‌ಎಸ್157 ಇದೆ, ಕೈಯಲ್ಲಿ 74ಎಚ್‌ಸಿ157 ಇದೆ, ಹಾಕಿಬಿಟ್ಟಿರಿ. ಎಲ್‌ಎಸ್ ಚಿಪ್ ‘ಒಂದು’ ಅಂತ ಕೊಡುವುದು ಕನಿಷ್ಠ 2.7 ವೋಲ್ಟ್. ಎಚ್‌ಸಿ ಚಿಪ್ 5 ವೋಲ್ಟ್ ಮೇಲೆ ಓಡುವಾಗ ‘ಒಂದು’ ಅಂತ ಒಪ್ಪಿಕೊಳ್ಳಲು ಕೇಳುವುದು 3.5. ಮಧ್ಯದಲ್ಲಿ ಬಿದ್ದದ್ದು ಅದೃಷ್ಟದ ಮೇಲೆ. ಎಷ್ಟೋ ಸಲ ಕೆಲಸ ಮಾಡುತ್ತದೆ, ಬಿಸಿಯಾದರೆ ಅಥವಾ ಇನ್ನೊಂದು ಬೋರ್ಡ್ ಸೇರಿದರೆ ನಿಲ್ಲುತ್ತದೆ. ಎಚ್‌ಸಿಟಿ ಆದರೆ 2 ವೋಲ್ಟ್ ಸಾಕು, ಅದನ್ನೇ ಹಾಕಿ.

ಸಾಲಿನ ಅಡ್ರೆಸ್‌ನಿಂದ ಕಾಲಂ ಅಡ್ರೆಸ್‌ಗೆ ಬದಲಾಗುವ ಕ್ಷಣ ಇನ್ನೂ ಸೂಕ್ಷ್ಮ. ರಾಸ್ ಇಳಿದ ಮೇಲೂ ಸಾಲಿನ ಅಡ್ರೆಸ್ ಸ್ವಲ್ಪ ಹೊತ್ತು ನಿಲ್ಲಬೇಕು, ಈ ಕಾಲದ ಚಿಪ್‌ಗಳಲ್ಲಿ 15–20 ನ್ಯಾನೊಸೆಕೆಂಡ್. ಹಳೇ ವಿನ್ಯಾಸಗಳು ಎಷ್ಟೋ ಸಲ ಆ ತಡವನ್ನು ಒಂದೆರಡು ನಿಧಾನದ ಗೇಟ್‌ಗಳಿಂದಲೇ ಪಡೆಯುತ್ತವೆ. ನೀವು ವೇಗದ ಗೇಟ್ ಹಾಕಿದರೆ ತಡ ಕರಗಿಹೋಗುತ್ತದೆ, ಸಾಲಿನ ಜಾಗದಲ್ಲಿ ಕಾಲಂ ಅಡ್ರೆಸ್ ಹಿಡಿದುಬಿಡುತ್ತದೆ. ಇದನ್ನು ನೋಡಲು 24 ಮೆಗಾಹರ್ಟ್ಸ್‌ನ ಅಗ್ಗದ ಲಾಜಿಕ್ ಅನಲೈಸರ್ ಸಾಲದು. ಅದು ಸುಮಾರು 42 ನ್ಯಾನೊಸೆಕೆಂಡಿಗೊಮ್ಮೆ ಮಾತ್ರ ನೋಡುತ್ತದೆ, ನಡುವೆ ಆದದ್ದು ಅದಕ್ಕೆ ಕಾಣುವುದೇ ಇಲ್ಲ. 100 ಮೆಗಾಹರ್ಟ್ಸ್ ಸ್ಕೋಪ್ ಬೇಕು.

ಪಾಲ್ ಚಿಪ್

ಬ್ಯಾಂಕ್ ಆರಿಸುವ ಲಾಜಿಕ್ ಒಂದು ಪಾಲ್‌ನಲ್ಲಿ (ಬೇಕಾದ ಲಾಜಿಕ್ ಬರೆದಿಡಬಹುದಾದ ಚಿಪ್) ಇದ್ದು, ಬೇರೆಯವರು ಓದದಂತೆ ತಡೆಯುವ ಸೆಕ್ಯುರಿಟಿ ಫ್ಯೂಸ್ ಹೋಗಿದ್ದರೆ ಪ್ರೋಗ್ರಾಮರ್ ಅದನ್ನು ಓದುವುದಿಲ್ಲ. 16ಎಲ್8 ಆದರೆ ಕಷ್ಟವಿಲ್ಲ. ಒಳಗೆ ನೆನಪಿಟ್ಟುಕೊಳ್ಳುವ ಭಾಗ ಇಲ್ಲ, ಹತ್ತು ಇನ್‌ಪುಟ್, ಎಂಟು ಔಟ್‌ಪುಟ್, ಅದರಲ್ಲಿ ಆರು ಇನ್‌ಪುಟ್ ಆಗಿಯೂ ಓಡುತ್ತವೆ. ಹೆಚ್ಚೆಂದರೆ 65,536 ಜೋಡಣೆ, ಯಾವುದಾದರೂ ಮೈಕ್ರೋಕಂಟ್ರೋಲರ್‌ನಿಂದ ಎಲ್ಲವನ್ನೂ ಕೊಟ್ಟು ಉತ್ತರ ಬರೆದುಕೊಳ್ಳಬಹುದು. ಔಟ್‌ಪುಟ್ ಕೆಲವು ಸಲ ಏನೂ ಹೇಳದೆ ತೇಲುತ್ತಿರುತ್ತದೆ. ಅದನ್ನು ಹಿಡಿಯಲು ಎರಡು ಸುತ್ತು ಓದಿ, ಒಂದು ಪುಲ್-ಅಪ್ ಹಾಕಿ, ಒಂದು ಪುಲ್-ಡೌನ್ ಹಾಕಿ. ಎರಡರಲ್ಲೂ ಬೇರೆ ಬಂದದ್ದು ತೇಲುತ್ತಿತ್ತು. 16ಆರ್4, 16ಆರ್8 ಥರದ್ದಾದರೆ ಒಳಗೆ ಫ್ಲಿಪ್-ಫ್ಲಾಪ್ ಇದೆ, ಬರೀ ಟೇಬಲ್‌ನಿಂದ ಆಗುವುದಿಲ್ಲ, ಯಂತ್ರ ಓಡುವಾಗಲೇ ಸಿಗ್ನಲ್ ಹಿಡಿದು ಊಹಿಸಬೇಕು.

ಟೇಬಲ್ ಸರಿಯಾಗಿದ್ದೂ ದೋಷ ಬಂದರೆ, ಪಾಲ್ ಬದಲು ಹಾಕಿದ ಗ್ಯಾಲ್‌ನ (ಅಳಿಸಿ ಮತ್ತೆ ಬರೆಯಬಹುದಾದ ಪಾಲ್) ವೇಗ ನೋಡಿ. ಹಳೇ ಪಾಲ್ 25–35 ನ್ಯಾನೊಸೆಕೆಂಡಿನದ್ದು. ಅಲ್ಲಿಗೆ 7 ಅಥವಾ 10ರ ಗ್ಯಾಲ್16ವಿ8 ಹಾಕಿದರೆ, ಇನ್‌ಪುಟ್‌ಗಳು ಹಿಂದೆಮುಂದೆ ಬದಲಾಗುವಾಗ ಹಳೆಯದು ನುಂಗಿಕೊಳ್ಳುತ್ತಿದ್ದ ಸಣ್ಣ ಸ್ಪೈಕ್‌ಗಳು ಹೊರಗೆ ಬರುತ್ತವೆ. ಕ್ಯಾಸ್ ಮೇಲೆ ಸ್ಪೈಕ್ ಅಂದರೆ ತಪ್ಪು ಕಾಲಂ. 25ರದ್ದೇ ಹುಡುಕಿ.

ಬರೆಯುವಾಗ ಜಗಳ

41256ರಲ್ಲಿ ಡೇಟಾ ಒಳಗೆ ಹೋಗುವ ಪಿನ್ ಬೇರೆ, ಹೊರಗೆ ಬರುವ ಪಿನ್ ಬೇರೆ. 44256ರಲ್ಲಿ ಒಂದೇ, ದಿಕ್ಕು ನೋಡಿಕೊಳ್ಳಲು ಓಇ (ಔಟ್‌ಪುಟ್ ಎನೇಬಲ್) ಪಿನ್ ಇದೆ. ಓಇ ಅನ್ನು ಗ್ರೌಂಡ್‌ಗೆ ಕಟ್ಟಿಬಿಟ್ಟರೆ, ಕ್ಯಾಸ್ ಇಳಿಯುವ ಮುಂಚೆಯೇ ಡಬ್ಲ್ಯುಇ (ಬರೆಯಲು ಹೇಳುವ ಸಿಗ್ನಲ್) ಇಳಿದಿರಬೇಕು. ನಿಮ್ಮ ಯಂತ್ರ ಡಬ್ಲ್ಯುಇಯನ್ನು ತಡವಾಗಿ ಇಳಿಸುವ ಜಾತಿಯಾದರೆ ಚಿಪ್ ಹೊರಗೆ ತಳ್ಳುತ್ತಿರುತ್ತದೆ, ಬಫರ್ ಒಳಗೆ ತಳ್ಳುತ್ತಿರುತ್ತದೆ. ಎರಡೂ ಬಿಸಿ. ಮೆಮೊರಿಗೆ ಬರೆಯುವಾಗ ಮಾತ್ರ ಗದ್ದಲ ಅನ್ನುವ ಲಕ್ಷಣ ಕಂಡರೆ ಇಲ್ಲಿ ನೋಡಿ. ಸ್ಕೋಪ್‌ನಲ್ಲಿ ಡೇಟಾ ಲೈನ್ 0ಕ್ಕೂ ಇಲ್ಲ, 4ಕ್ಕೂ ಇಲ್ಲ, ಮಧ್ಯದಲ್ಲಿ ಎಲ್ಲೋ ಒಂದು ಮೆಟ್ಟಿಲು ಕಾಣುತ್ತದೆ. ಓಇಯನ್ನು ಗ್ರೌಂಡ್‌ನಿಂದ ಬಿಡಿಸಿ ಓದುವ ಸಿಗ್ನಲ್‌ಗೆ ಕಟ್ಟಿ.

ಚಿಪ್‌ಗಳ ಬಗ್ಗೆಯೂ ಒಂದು ಮಾತು. ಈಗ ಸಿಗುವ ಡಿರ್‍ಯಾಮ್‌ಗಳಲ್ಲಿ ಹಳೇ ಬೋರ್ಡಿಂದ ಕಿತ್ತು ಮೇಲೆ ಹೊಸದಾಗಿ ಪ್ರಿಂಟ್ ಮಾಡಿದವು ಬೇಕಾದಷ್ಟಿವೆ. ನಂಬರಿನ ಕೊನೆಯಲ್ಲಿ 15 ಅಂದರೆ 150 ನ್ಯಾನೊಸೆಕೆಂಡ್, 10 ಅಂದರೆ 100. ಪ್ರಿಂಟ್ 10 ಇದ್ದರೂ ಒಳಗಿರುವುದು 15 ಇರಬಹುದು. ಬೆಸುಗೆ ಹಾಕುವ ಮುಂಚೆ ಟೆಸ್ಟರ್‌ನಲ್ಲಿ ನೋಡಿ, ಇಲ್ಲವಾದರೆ ಸಾಕೆಟ್ ಹಾಕಿ.

ಎಲ್ಲ ಸರಿಯಾಯಿತು ಅನ್ನಿಸಿದ ಮೇಲೆ ಮೆಮೊರಿ ಪೂರ್ತಿ ತುಂಬಿ, ಮುಚ್ಚಳ ಹಾಕಿ, ಏನೂ ನುಡಿಸದೆ ಒಂದು ಗಂಟೆ ಬಿಡಿ. ಮುಚ್ಚಳ ತೆಗೆದು ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ, ಒಳಗಿನ ಬಿಸಿಯೇ ಬೇರೆ. ಆಮೇಲೆ ಡಂಪ್ ತೆಗೆದು ಮೊದಲಿನದಕ್ಕೆ ಹೋಲಿಸಿ, ಒಂದು ಬಿಟ್ ವ್ಯತ್ಯಾಸ ಬಂದರೂ ಬೋರ್ಡ್ ಮೇಜಿಗೆ ವಾಪಸ್. ಬೋರ್ಡ್ ಫೈಲ್‌ಗಳನ್ನು ಬೇರೆಯವರಿಗೆ ಕೊಡುವುದಾದರೆ ಚಿಪ್ ನಂಬರ್ ಪಕ್ಕದಲ್ಲಿ ರಿಫ್ರೆಶ್ 256ರದ್ದಾ 512ರದ್ದಾ ಅಂತ ಬೋರ್ಡ್ ಮೇಲೇ ಪ್ರಿಂಟ್ ಮಾಡಿಸಿ, ಮುಂದೆ ಬೇರೆ ಚಿಪ್ ಹಾಕಲು ಹೊರಟವರು ಮೊದಲು ನೋಡಬೇಕಾದ್ದು ಅದನ್ನೇ.